ಅಳಿವಿನಂಚಿನ ಭಾಷೆಗಳೂ ಗಣಕಯಂತ್ರವೂ: ನೀಲಗಿರಿಯ ನಿದರ್ಶನ

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆಯ ಅಳಿವು ಉಳಿವಿನ ಮಾತು ನಮಗೆ ಹೊಸದಲ್ಲ. ಮಕ್ಕಳಿಗೆ ಕನ್ನಡ ಕಲಿಸುವ ಏರ್ಪಾಡು ಬೇಕು, ನಮ್ಮ ಸಂಖ್ಯೆಗೆ ತಕ್ಕ ಮನ್ನಣೆ ಬೇಕು ಎಂದು ಹೊರನಾಡಿನ ನಾವು ದಶಕಗಳಿಂದ ಕೇಳುತ್ತ ಬಂದಿದ್ದೇವೆ. ಇಂದು ನಮ್ಮ ಅಹವಾಲನ್ನು ಬದಿಗಿರಿಸಿ, ಕನ್ನಡದ ನೆರೆಯಲ್ಲೇ ಇರುವ ಕೆಲವು ಸಣ್ಣ ಭಾಷೆಗಳ ಪರವಾಗಿ ಮಾತನಾಡಬಯಸುತ್ತೇನೆ. ಅವುಗಳನ್ನು ದಾಖಲಿಸಲು ಗಣಕಯಂತ್ರ ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದೇ ನನ್ನ ವಿಷಯ.

ನೀಲಗಿರಿ ಬೆಟ್ಟಗಳನ್ನು ತೆಗೆದುಕೊಳ್ಳೋಣ. ತೋಡ, ಕೋತ, ಬಡಗ ಮೊದಲಾದ ದ್ರಾವಿಡ ಭಾಷೆಗಳು ಅಲ್ಲಿ ಒಂದರ ಪಕ್ಕದಲ್ಲೊಂದು ಬದುಕಿವೆ. ತೋಡರ ಸಂಖ್ಯೆ ಎರಡು ಸಾವಿರದ ಆಸುಪಾಸು. ಯುನೆಸ್ಕೊದ ೨೦೧೦ರ ಭೂಪಟವು ತೋಡ, ಕೋತಗಳೆರಡನ್ನೂ ತೀವ್ರ ಅಪಾಯಕ್ಕೆ ಸಿಲುಕಿದ ಭಾಷೆಗಳ ಸಾಲಿನಲ್ಲಿ ಇರಿಸಿತು. ೧೯೭೧ರಿಂದೀಚೆಗೆ ನಮ್ಮ ಜನಗಣತಿಯ ಪ್ರಕಟಿತ ಪಟ್ಟಿಗಳಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಹೆಸರೇ ಪ್ರತ್ಯೇಕವಾಗಿ ಕಾಣುವುದಿಲ್ಲ.

ಬಡಗದ ಸ್ಥಿತಿ ಇನ್ನೂ ವಿಚಿತ್ರವಾದುದು. ಬಡಗರೆಂದರೆ ಬಡಗಣ ದಿಕ್ಕಿನವರು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂಬ ಐತಿಹ್ಯ ಅವರಲ್ಲಿದೆ. ೨೦೧೧ರ ಜನಗಣತಿಯಲ್ಲಿ ಸುಮಾರು ೧ ಲಕ್ಷ ೩೩ ಸಾವಿರ ಜನ ಬಡಗವನ್ನು ಮಾತೃಭಾಷೆಯೆಂದು ಹೇಳಿದರು. ಅಷ್ಟನ್ನೂ ಕನ್ನಡದ ಲೆಕ್ಕಕ್ಕೆ ಸೇರಿಸಲಾಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ ೨೦೧೩ರಲ್ಲಿ ಆರಂಭವಾದ ಅಳಿವಿನಂಚಿನ ಭಾಷೆಗಳ ರಕ್ಷಣಾ ಯೋಜನೆ ಹತ್ತು ಸಾವಿರಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳನ್ನು ಉದ್ದೇಶಿಸಿದ್ದು. ಹೀಗೆ ಬಡಗವು ಆ ಯೋಜನೆಯ ಅಳತೆಗೆ ದೊಡ್ಡದಾಯಿತು, ಭಾಷೆಗಳ ಪಟ್ಟಿಯಲ್ಲಿ ಕನ್ನಡದೊಳಗೆ ಕರಗಿತು.

ಬಡಗ ಕನ್ನಡಕ್ಕೆ ಅತಿ ಸಮೀಪದ್ದು ನಿಜ. ಆದರೆ ಅದರ ವೈಶಿಷ್ಟ್ಯವನ್ನು ವಿದ್ವಾಂಸರು ಬಹು ಹಿಂದೆಯೇ ಗುರುತಿಸಿದ್ದಾರೆ. ೧೯೩೦ರ ದಶಕದಲ್ಲಿ ನೀಲಗಿರಿಯಲ್ಲಿ ಕ್ಷೇತ್ರಕಾರ್ಯ ಮಾಡಿದ ಎಂ. ಬಿ. ಎಮೆನೊ ಅವರು ೧೯೩೯ರಲ್ಲಿ ಬಡಗದ ಸ್ವರಗಳನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಮೂರ್ಧನ್ಯ ಸ್ವರಗಳು ಅದರಲ್ಲಿವೆ, ಅವೂ ಎರಡು ಪ್ರಮಾಣಗಳಲ್ಲಿವೆ ಎಂದು ಅವರು ತೋರಿಸಿದರು. ಕನ್ನಡದಲ್ಲಿ ಇಂಥ ಸ್ವರಭೇದವಿಲ್ಲ. ಈಚಿನ ಅಧ್ಯಯನಗಳ ಪ್ರಕಾರ ಬಹುಪಾಲು ಬಡಗರ ಮಾತಿನಲ್ಲೂ ಅದು ಸವೆದುಹೋಗಿದೆ. ೧೯೯೨ರಲ್ಲಿ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೆಶೂರ್ ಅವರ ಬಡಗ-ಇಂಗ್ಲಿಷ್ ನಿಘಂಟು ಹೊರಬಂದಿತು.

ಇಂಥ ಸಂದರ್ಭದಲ್ಲಿ ಗಣಕಯಂತ್ರದ ಮೊದಲ ಉಪಕಾರ ಕಾಣುತ್ತದೆ. ತೋಡ ಭಾಷೆಯಲ್ಲಿ ನಾಲಗೆ ಕಂಪಿಸಿ ಹೊರಡುವ 'ರ'ಕಾರಗಳು ಮೂರು ಸ್ಥಾನಗಳಲ್ಲಿ ಹುಟ್ಟುತ್ತವೆ. ಸ್ಥಾನ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಹೊರಗಿನವರ ಕಿವಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟ. ಪೆರಿ ಭಾಸ್ಕರರಾವ್, ಪೀಟರ್ ಲ್ಯಾಡಿಫೋಗೆಡ್ ಮೊದಲಾದವರು ಉಪಕರಣಗಳ ನೆರವಿನಿಂದ ಇವನ್ನು ಪರೀಕ್ಷಿಸಿ ೧೯೯೬ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಇಂದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಪ್ರಾಟ್' ಎಂಬ ತಂತ್ರಾಂಶ ಧ್ವನಿಯನ್ನು ಚಿತ್ರವಾಗಿ ಪರದೆಯ ಮೇಲೆ ಮೂಡಿಸುತ್ತದೆ. ಅದಕ್ಕೆ ಬೆಲೆಯಿಲ್ಲ, ಸಾಮಾನ್ಯ ಗಣಕವಿದ್ದರೆ ಸಾಕು. ಇದರ ಮಹತ್ವ ಕನ್ನಡಿಗರಿಗೆ ಬೇಗ ತಿಳಿಯಬೇಕು. ನಮ್ಮಲ್ಲೂ ಒಮ್ಮೆ ರ, ಱ ಎಂಬ ಎರಡು ರೇಫಗಳಿದ್ದವು, ಳದಿಂದ ಬೇರೆಯಾದ ೞ ಇತ್ತು. ಅವು ಹೇಗೆ ಕೇಳಿಸುತ್ತಿದ್ದವು ಎಂಬುದನ್ನು ನಾವೀಗ ಶಾಸನಗಳ ಅಕ್ಷರಗಳಿಂದ, ಸೋದರ ಭಾಷೆಗಳ ಹೋಲಿಕೆಯಿಂದ ಊಹಿಸಬೇಕಾಗಿದೆ.

ಎರಡನೆಯ ಉಪಕಾರ ಧ್ವನಿಗೂ ಬರಹಕ್ಕೂ ನಂಟು ಹಾಕುವುದು. ಅರ್ಥ ಬರೆದಿಡದ ಧ್ವನಿಸುರುಳಿ, ಭಾಷಿಕರು ತೀರಿಕೊಂಡ ಮೇಲೆ ಬರಿಯ ಸದ್ದು. ನೈಮೇಗನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ 'ಎಲಾನ್' ತಂತ್ರಾಂಶದಲ್ಲಿ ಪ್ರತಿ ವಾಕ್ಯದ ಧ್ವನಿಯ ಕೆಳಗೆ ಅದರ ಬರಹ, ಪದವಿಭಾಗ, ಅನುವಾದಗಳನ್ನು ಪದರ ಪದರವಾಗಿ ಜೋಡಿಸಬಹುದು. ಆದರೆ ಜೋಡಿಸಬೇಕಾದವರು ಮನುಷ್ಯರು. ಒಂದು ಗಂಟೆಯ ಮಾತನ್ನು ಹೀಗೆ ಬಿಡಿಸಿ ಬರೆಯಲು ಹತ್ತಾರು ಗಂಟೆಗಳ ದುಡಿಮೆ ಬೇಕು; ಅದೂ ಭಾಷೆ ಬಲ್ಲ ಹಿರಿಯರ ಬಳಿ ಕುಳಿತು, ಕೇಳಿ, ಮತ್ತೆ ಕೇಳಿ. ೧೯೩೦ರ ದಶಕದಲ್ಲಿ ಎಮೆನೊ ಸಂಗ್ರಹಿಸತೊಡಗಿದ ತೋಡರ ಹಾಡುಗಳು ಗ್ರಂಥರೂಪದಲ್ಲಿ ಬಂದದ್ದು ೧೯೭೧ರಲ್ಲಿ.

ಯಂತ್ರವೇ ತಾನಾಗಿ ಕೇಳಿ ಬರೆಯಲಾರದೆ ಎಂದು ನೀವು ಕೇಳಬಹುದು. ಇಂದು ಕನ್ನಡದ ಮಾತನ್ನು ದೂರವಾಣಿಯೇ ಬರೆದು ಕೊಡುತ್ತದೆ. ಅಪಾರ ಪ್ರಮಾಣದ ಧ್ವನಿ ಮತ್ತು ಪಠ್ಯಗಳಿಂದ ಅದು ಕಲಿತಿದೆ. ತೋಡಕ್ಕೆ ಅಂಥ ಭಂಡಾರವೆಲ್ಲಿದೆ? ಕನ್ನಡ ಮಾತ್ರ ಕಲಿತ ಯಂತ್ರದ ಮುಂದೆ ಬಡಗದ ಹಿರಿಯರೊಬ್ಬರು ಮಾತನಾಡಿದರೆ, ಅವರ ಮೂರ್ಧನ್ಯ ಸ್ವರವನ್ನು ಅದು ಹತ್ತಿರದ ಕನ್ನಡ ಸ್ವರವಾಗಿ, ಅಪರಿಚಿತ ಪದವನ್ನು ಹತ್ತಿರದ ಕನ್ನಡ ಪದವಾಗಿ ಬರೆದಿಡುತ್ತದೆ. ಜನಗಣತಿ ಮಾಡಿದ ವರ್ಗೀಕರಣವನ್ನೇ ಯಂತ್ರ ಇನ್ನೊಮ್ಮೆ ಮಾಡುತ್ತದೆ. ದೂರದ ಭಾಷೆಗಿಂತ ನೆಂಟ ಭಾಷೆಯೇ ಇಲ್ಲಿ ಹೆಚ್ಚು ಅಪಾಯಕಾರಿ. ಆ ನೆಂಟ ಭಾಷೆ ನಮ್ಮದು ಎಂಬುದನ್ನು ಮರೆಯಬಾರದು.

ಸಣ್ಣ ಭಾಷೆ ಉಳಿದರೆ ನಮಗೂ ಲಾಭವಿದೆ. ೨೦೧೮ರಲ್ಲಿ ಅಂತಾರಾಷ್ಟ್ರೀಯ ತಂಡವೊಂದು ೨೦ ದ್ರಾವಿಡ ಭಾಷೆಗಳ ಮೂಲ ಶಬ್ದಗಳನ್ನು ಗಣಕದಿಂದ ತುಲನೆ ಮಾಡಿ, ಈ ಕುಟುಂಬದ ವಯಸ್ಸು ಸುಮಾರು ೪,೫೦೦ ವರ್ಷವೆಂದು ಅಂದಾಜು ಮಾಡಿತು. ಇಂಥ ಲೆಕ್ಕದಲ್ಲಿ ಕೋಟಿ ಜನರ ಭಾಷೆಯೂ ಒಂದು ಸಾಕ್ಷಿ, ಸಣ್ಣ ಭಾಷೆಯೂ ಒಂದು ಸಾಕ್ಷಿ. ಸಾಕ್ಷಿಗಳು ಕಡಿಮೆಯಾದಷ್ಟೂ ಕನ್ನಡದ ಪೂರ್ವಚರಿತ್ರೆ ಮಸುಕಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಆಯಾ ಸಮುದಾಯದ ತರುಣ ತರುಣಿಯರಿಗೇ ಈ ಉಪಕರಣಗಳ ತರಬೇತಿ ಸಿಗಬೇಕು, ಆ ಕೆಲಸಕ್ಕೆ ಸಂಬಳವೂ ಇರಬೇಕು. ಧ್ವನಿಮುದ್ರಣದ ಪ್ರತಿ ಅವರ ಊರಿನಲ್ಲಿ ಉಳಿಯಬೇಕು. ಶವಸಂಸ್ಕಾರದ ಹಾಡನ್ನು ಯಾರು ಕೇಳಬಹುದು ಎಂಬುದನ್ನು ಹಾಡಿದವರೇ ನಿರ್ಧರಿಸಬೇಕು. ಎಲ್ಲಕ್ಕೂ ಮೊದಲು, ಪ್ರತಿ ಭಾಷೆಯೂ ತನ್ನ ಹೆಸರಿನಲ್ಲೇ ದಾಖಲಾಗಬೇಕು.

ನಮ್ಮ ಸಂಘದ ಪಾಲೂ ಇದರಲ್ಲಿದೆ. ಹೊರನಾಡ ಸಂಘಗಳಲ್ಲಿ ಕನ್ನಡಿಗರೆಂದು ಸೇರುವ ಎಷ್ಟೋ ಮನೆಗಳ ಒಳಗಿನ ಮಾತು ತುಳು, ಕೊಡವ, ಬ್ಯಾರಿ, ಕೊಂಕಣಿ, ಹವ್ಯಕ ಅಥವಾ ಅರೆಭಾಷೆ. ಅಜ್ಜ ಅಜ್ಜಿಯರ ಅಡುಗೆ, ಬೇಸಾಯ, ಹಬ್ಬಗಳ ಮಾತನ್ನು ಅವರ ಒಪ್ಪಿಗೆ ಪಡೆದು ಕೈಯಲ್ಲಿರುವ ದೂರವಾಣಿಯಲ್ಲೇ ಮುದ್ರಿಸಿಕೊಳ್ಳಿ. ಆಡಿದವರ ಹೆಸರು, ಊರು, ದಿನಾಂಕ ಬರೆದಿಡಿ. ಅವರಿರುವಾಗಲೇ ಅರ್ಥ ಕೇಳಿ ಬರೆದುಕೊಳ್ಳಿ. ಸಂಘವು ಇದಕ್ಕಾಗಿ ವಾರಕ್ಕೊಂದು ಸಂಜೆಯನ್ನೂ ಒಂದು ಗಣಕವನ್ನೂ ಮೀಸಲಿಡಲಿ. ಪರನಾಡಿನಲ್ಲಿ ನಮ್ಮ ಭಾಷೆಗೆ ಪ್ರತ್ಯೇಕ ಸ್ಥಾನ ಕೇಳುವ ನಾವು, ಬಡಗರು ತಮ್ಮ ನುಡಿಗೆ ಅದನ್ನೇ ಕೇಳಿದಾಗ ಅವರ ಪರವಾಗಿ ನಿಲ್ಲಬೇಕು. ಹಾಗೆ ನಿಂತರೆ ಕನ್ನಡದ ಲೆಕ್ಕದಲ್ಲಿ ಒಂದು ಲಕ್ಷ ಚಿಲ್ಲರೆ ಕಡಿಮೆಯಾದೀತು. ಆ ನಷ್ಟವನ್ನು ನಾವು ಸಂತೋಷದಿಂದ ಒಪ್ಪಿಕೊಳ್ಳೋಣ.