ಗೈರಾದವಳನ್ನು ಕೇಳುವವರು

ಹೊರ್ತಿಯಿಂದ ನಸುಕಿನ ಬಸ್ಸು ಹಿಡಿದು ವಿಜಯಪುರಕ್ಕೆ ಓದಲು ಹೋಗುವ ಹುಡುಗಿಯೊಬ್ಬಳನ್ನು ನೆನೆಯಿರಿ. ಮನೆಯಲ್ಲಿ ಲಿಂಬೆ ಕೀಳುವ ಕೆಲಸ, ಅಪ್ಪನ ಸಾಲ, ತಲೆಗೆ ಹತ್ತದ ಇಂಗ್ಲಿಷ್ ಪಾಠ. ಹಾಜರಿ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ, ಗೈರು ಎಂದಷ್ಟೇ ಇದೆ.

ವಿಜಯಪುರದಲ್ಲಿ 2003ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವಿಶ್ವವಿದ್ಯಾಲಯ ಹುಟ್ಟಿತು. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಎಂಥ ದೊಡ್ಡ ಕೆಲಸ! ಒಳಗೆ ಬಂದವಳು ನಡುವೆಯೇ ಬಿಟ್ಟುಹೋಗದಂತೆ ಕಾಯುವುದೂ ಯಾವುದೇ ವಿಶ್ವವಿದ್ಯಾಲಯದ ಹೊಣೆಯೇ. ನೋಟಿಸು ಕೊಡುವ ಮುಂಚೆ "ಯಾಕವ್ವಾ, ಯಾಕ ಬಂದಿಲ್ಲ?" ಎಂದು ಕೇಳುವ ಮೇಡಂ ಒಬ್ಬರು ಬೇಕು. ಕೇಳಿ, ಉತ್ತರ ಬರುವತನಕ ಕಾಯಬೇಕು.

ಹುಡುಗಿಯರೇ, ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಾಯಂದಿರೇ, ನೀವೂ ಬರೆದಿಟ್ಟುಕೊಳ್ಳಿ.