ಜ್ವಾಲಾಮುಖಿಗೆ ಮುಹೂರ್ತ ಕೇಳಬಾರದು

ಜ್ವಾಲಾಮುಖಿ ಯಾವಾಗ ಸಿಡಿಯುತ್ತದೆ ಎಂದು ಕೇಳುವವರಿಗೆ ಬೇಕಾದದ್ದು ತಾರೀಖು. ವಿಜ್ಞಾನಿಯ ಕೈಯಲ್ಲಿರುವುದು ಬೆಟ್ಟದೊಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ಸಾಕ್ಷ್ಯ, ಅಷ್ಟೇ. ಆ ಸಾಕ್ಷ್ಯವನ್ನು ಒಟ್ಟಿಗೆ ಓದಿದರೆ ಸಾಲದೇ ಎಂದರೆ, ಬಹುಮಟ್ಟಿಗೆ ಸಾಕು ಎನ್ನುತ್ತೇನೆ. ಫಿಲಿಪ್ಪೀನ್ಸ್‌ನ ಪಿನಾಟುಬೊ ಸುಮಾರು 500 ವರ್ಷ ತೆಪ್ಪಗಿದ್ದು, 1991ರ ಏಪ್ರಿಲ್ 2ರಂದು ಉಗಿ ಕಾರಿತು. ಅಲ್ಲಿನ ವಿಜ್ಞಾನಿಗಳೂ ಅಮೆರಿಕದಿಂದ ಬಂದ ತಂಡವೂ ಸುತ್ತ ಕಂಪನಮಾಪಕಗಳನ್ನು ಹೂಡಿದರು. ಶಿಲಾರಸ ಮೇಲೇರುವಾಗ ಬಂಡೆ ಬಿರಿಯುತ್ತದೆ, ನೆಲ ಉಬ್ಬುತ್ತದೆ, ಒತ್ತಡ ತಗ್ಗಿದಂತೆ ಅದರಲ್ಲಿ ಕರಗಿದ್ದ ಅನಿಲ ಹೊರಬೀಳುತ್ತದೆ. ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದ ಸಲ್ಫರ್ ಡೈಆಕ್ಸೈಡ್ ಮೇ 28ಕ್ಕೆ 5000 ಟನ್ ದಾಟಿತು. ಆಮೇಲೆ ಥಟ್ಟನೆ ಇಳಿಯಿತು. ಅನಿಲವೊಂದನ್ನೇ ನಂಬಿದ್ದರೆ ಗಂಡಾಂತರ ಕಳೆಯಿತು ಎನ್ನಬಹುದಿತ್ತು. ಆದರೆ ಕಂಪನ ನಿಂತಿರಲಿಲ್ಲ. ಹಾಗಾದರೆ ಅನಿಲ ತೀರಿಲ್ಲ, ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿದೆ ಎಂದು ಅವರು ತರ್ಕಿಸಿದರು. ಜೂನ್ 10ರಂದು ಬೆಟ್ಟದ ಬಳಿಯ ಅಮೆರಿಕದ ಕ್ಲಾರ್ಕ್ ವಾಯುನೆಲೆ ಖಾಲಿಯಾಯಿತು. 15ರಂದು ಬೆಟ್ಟದ ನೆತ್ತಿಯೇ ಹಾರಿಹೋಯಿತು. ಅದೇ ದಿನ ಚಂಡಮಾರುತವೂ ಬಂದು, ನೆನೆದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಜನ ಸತ್ತರು. ಆದರೂ ಮುನ್ಸೂಚನೆಯಿಂದ ಕನಿಷ್ಠ 5000 ಜೀವ ಉಳಿದವೆಂದು ಅಂದಾಜು.

ಇದು ಅದೃಷ್ಟ ಎನ್ನುವವರು ಜಪಾನಿನ ಒಂಟಾಕೆಯತ್ತ ಬೆರಳು ತೋರುತ್ತಾರೆ. ನ್ಯಾಯವಾದ ಮಾತೇ. 2014ರ ಸೆಪ್ಟೆಂಬರ್ 27ರಂದು ಅಲ್ಲಿ 63 ಮಂದಿ ಬಲಿಯಾದಾಗ ಎಚ್ಚರಿಕೆ ಕೆಳಗಿನ ಮಟ್ಟದಲ್ಲೇ ಇತ್ತು. ಅಲ್ಲಿ ಸಿಡಿದದ್ದು ನೆಲದಡಿ ಕಾದ ನೀರಿನ ಉಗಿ. ನೆಲ ಓರೆಯಾದದ್ದು ಕೆಲವೇ ನಿಮಿಷ ಮುಂಚೆ. ಇಂಥ ಸ್ಫೋಟದ ಮುಂದೆ ಈ ವಿದ್ಯೆ ಇನ್ನೂ ದುರ್ಬಲ. ಹುಸಿ ಎಚ್ಚರಿಕೆಯ ಆಕ್ಷೇಪ ಬೇರೆ ಬಗೆಯದು. 1976ರಲ್ಲಿ ಗ್ವಾಡಲೂಪ್ ದ್ವೀಪದ ಸುಮಾರು 70,000 ಜನ ತಿಂಗಳುಗಟ್ಟಲೆ ಮನೆ ಬಿಟ್ಟಿದ್ದರು. ದೊಡ್ಡ ಸ್ಫೋಟ ಆಗಲೇ ಇಲ್ಲ. ನೂರಕ್ಕೆ ಮೂವತ್ತು ಸಾಧ್ಯತೆ ಎಂದದ್ದು ನಡೆಯದಿದ್ದರೆ ಹೇಳಿದವನು ಸುಳ್ಳುಗಾರನಾಗುವುದಿಲ್ಲ. ಆದರೆ ಬೆಳೆ, ದುಡಿಮೆ ಕಳೆದುಕೊಂಡವರ ನಷ್ಟ ನಿಜ. ಅದನ್ನು ತೂಗಿ ಜನರನ್ನು ಎಬ್ಬಿಸುವ ಹೊಣೆ ಆಡಳಿತದ್ದು.

ಆ ಹೊಣೆ ಜಾರಿದರೆ ಏನಾಗುತ್ತದೆ ಎಂಬುದಕ್ಕೆ ಕೊಲಂಬಿಯಾದ ಆರ್ಮೆರೊ ಇದೆ. 1985ರ ಅಕ್ಟೋಬರ್‌ನಲ್ಲೇ ಅಪಾಯದ ನಕ್ಷೆ ಸಿದ್ಧವಾಗಿ, ಕೆಸರು ನುಗ್ಗುವ ಜಾಗವೆಂದು ಆ ಊರು ಅದರಲ್ಲಿ ಗುರುತಾಗಿತ್ತು. ನವೆಂಬರ್ 13ರ ರಾತ್ರಿ ಒಂಬತ್ತರ ಸುಮಾರಿಗೆ ನೆವಾಡೊ ಡೆಲ್ ರುಯಿಸ್ ಸಿಡಿದು ನೆತ್ತಿಯ ಹಿಮ ಕರಗಿತು. 20,000ಕ್ಕೂ ಹೆಚ್ಚು ಜನರನ್ನು ಹೂತ ಆ ಕೆಸರು ಊರು ಮುಟ್ಟುವಾಗ ಹನ್ನೊಂದು ಗಂಟೆ ದಾಟಿತ್ತು. ಹತ್ತಿರದ ದಿಬ್ಬಕ್ಕೆ ನಡೆದೇ ಹೋಗಬಹುದಾಗಿತ್ತು.