ಜನರಲ್ ತಿಮ್ಮಯ್ಯನವರ ಎದೆಯ ಮೇಲಣ ಪದಕಗಳು



ಸೇನಾನಿಯ ಹಿರಿಮೆಯನ್ನು ಅವನ ಎದೆಯ ಮೇಲಣ ಪದಕಗಳಿಂದ ಅಳೆಯುವ ರೂಢಿಯು ನಮ್ಮಲ್ಲಿ ಬೇರೂರಿದೆ. ಕೊಡಗಿನ ವೀರ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರಿಗೆ ಆ ಅಳತೆಗೋಲು ಸಾಲದು ಎಂಬುದನ್ನೇ ನಾವು ಇಂದು ನಿಮ್ಮ ಮುಂದೆ ನಿವೇದಿಸಬೇಕಾಗಿದೆ.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಅವರು ಡೆಹರಾಡೂನಿನಲ್ಲಿಯೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿಯೂ ಕಲಿತು 1926ರಲ್ಲಿ ಅಧಿಕಾರಿಯಾದರು. ಪರರ ಸೈನ್ಯದಲ್ಲಿ ದುಡಿಯುವುದು ತರವೇ ಎಂಬ ಸಂಶಯವು ಆ ತರುಣನನ್ನು ಬಾಧಿಸದೆ ಬಿಡಲಿಲ್ಲ. ಅಲಹಾಬಾದಿನಲ್ಲಿದ್ದಾಗ ಪಂಡಿತ ಮೋತಿಲಾಲ ನೆಹರೂ ಅವರ ಬಳಿ ರಾಜೀನಾಮೆಯ ಮಾತೆತ್ತಲು, ಸ್ವತಂತ್ರ ಭಾರತಕ್ಕೆ ಯುದ್ಧವಿದ್ಯೆ ಬಲ್ಲವರು ಬೇಕಾಗುವರೆಂದು ಹೇಳಿ ಆ ಹಿರಿಯರು ತಡೆದರು. 1945ರಲ್ಲಿ ಬರ್ಮಾದ ಕಾಂಗಾ ಕಾಳಗದ ಸಾಹಸಕ್ಕಾಗಿ ತಿಮ್ಮಯ್ಯನವರಿಗೆ ಡಿ.ಎಸ್.ಓ. ಪದಕವು ದೊರೆಯಿತು, ಥೋರಾತ, ಸೇನ ಎಂಬ ಇನ್ನಿಬ್ಬರು ಭಾರತೀಯ ದಳಪತಿಗಳಿಗೂ ಅದೇ ಗೌರವವು ಸಂದಿತು. ಪದಕವಿತ್ತವನು ಆಂಗ್ಲ ದೊರೆ. ತಿಮ್ಮಯ್ಯನವರ ಒಡಹುಟ್ಟಿದವರೊಬ್ಬರಾದರೋ ಸುಭಾಷಬಾಬುಗಳ ಆಜಾದ್ ಹಿಂದ್ ಸೇನೆಯನ್ನು ಸೇರಿದ್ದರು! ಒಂದೇ ಮನೆಯ ಮಕ್ಕಳಿಗೆ ವಿಧಿಯು ತಂದೊಡ್ಡಿದ ಈ ಧರ್ಮಸಂಕಟವನ್ನು ಯಾವ ಪದಕದ ಹಿಂಬದಿಯಲ್ಲಿಯೂ ಕೆತ್ತಿರುವುದಿಲ್ಲ.

ಮೋತಿಲಾಲರ ಮಾತು ಫಲಿಸಿದ್ದು 1948ರ ಕಾಶ್ಮೀರದಲ್ಲಿ. ಮೇ ತಿಂಗಳಲ್ಲಿ ವಿಮಾನವೀರ ಮೆಹರ್ ಸಿಂಗರು ಲೇಹದಲ್ಲಿ ಮೊತ್ತಮೊದಲು ವಿಮಾನವಿಳಿಸಿದಾಗ, 19ನೆಯ ಡಿವಿಜನ್ನಿನ ನಾಯಕರಾದ ತಿಮ್ಮಯ್ಯನವರು ಅದರೊಳಗೇ ಇದ್ದರು. ನೆಲದ ದಾರಿಯನ್ನು ಮಾತ್ರ ಜೋಜಿಲಾ ಕಣಿವೆಯಲ್ಲಿ ವೈರಿಯು ಕಟ್ಟಿಹಾಕಿದ್ದನು. ಎತ್ತರವು ಹನ್ನೊಂದು ಸಾವಿರ ಅಡಿಗೂ ಮಿಗಿಲು. ಕಾಲಾಳುಗಳ ದಾಳಿಗಳು ವಿಫಲವಾಗಿದ್ದವು. ಆಗ ಅವರು ಟ್ಯಾಂಕುಗಳನ್ನು ಏರಿಸಲು ನಿಶ್ಚಯಿಸಿದರು. ಗುಟ್ಟು ಹೊರಬೀಳದಂತೆ ಅವುಗಳ ಗೋಪುರಗಳನ್ನು ಕಳಚಿ ಜಮ್ಮುವಿನಿಂದ ಸಾಗಿಸಲಾಯಿತು. ಹೇಸರಗತ್ತೆಗಳ ಕಾಲುದಾರಿಯನ್ನು ಅಗಲಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಆ ಪಡೆಯ ಕೇಂದ್ರವು ನಮ್ಮ ಬೆಂಗಳೂರು ಎಂಬುದನ್ನು ಕನ್ನಡಿಗರು ನೆನೆಯಬೇಕು. ನವೆಂಬರ್ 1ರಂದು ಹಿಮ ಬೀಳುತ್ತಿರಲು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಅಂತಹ ಎತ್ತರದಲ್ಲಿ ಅವುಗಳನ್ನು ಕನಸಿನಲ್ಲಿಯೂ ಎಣಿಸದಿದ್ದ ವೈರಿಯು ಬೆಚ್ಚಿ ಹಿಮ್ಮೆಟ್ಟಿದನು. ಅದೇ ತಿಂಗಳು ಕಾರ್ಗಿಲ್ಲು ನಮ್ಮದಾಗಿ ಲೇಹದ ದಾರಿಯು ತೆರೆಯಿತು.

ಬಳಿಕ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ವಿಷಯವಾಗಿ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣವು ಬಂದಿತು. ಶಾಂತಿಕಾರ್ಯಕ್ಕೆ ಸಂದ ಈ ಗೌರವವೇ ನಮಗೆ ಹೆಚ್ಚು ಮೆಚ್ಚು.

1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಅವರು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಹೊಂದದೆ 1959ರಲ್ಲಿ ರಾಜೀನಾಮೆ ಕೊಟ್ಟರು; ಜವಾಹರಲಾಲರ ಮಾತಿಗೆ ಮಣಿದು ಹಿಂತೆಗೆದುಕೊಂಡರು. ಹಿಂತೆಗೆಯದಿದ್ದರೆ 1962ರ ಮುನ್ನವೇ ದೇಶವು ಎಚ್ಚರಗೊಳ್ಳುತ್ತಿತ್ತೇನೋ ಎಂದು ನಮಗೆ ತೋರುತ್ತದೆ.

1961ರಲ್ಲಿ ನಿವೃತ್ತರಾಗಿ ಕೊಡಗಿಗೆ ಮರಳಿದವರನ್ನು ವಿಶ್ವಸಂಸ್ಥೆಯು 1964ರಲ್ಲಿ ಸೈಪ್ರಸ್ಸಿಗೆ ಕರೆಯಿತು. ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತ ಶಾಂತಿಪಡೆಯ ನಾಯಕತ್ವದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು, ಅವರು ಅಲ್ಲಿಯೇ ಕಣ್ಮುಚ್ಚಿದರು. ಮರುವರ್ಷ ಆ ದ್ವೀಪದ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.